ಬೆಳೆ ಕೈಕೊಟ್ಟ ವರ್ಷ ಮಕ್ಕಳ ಶಾಲೆ ಏನು ಮಾಡೋದು?

ಪ್ರಶ್ನೆ: ನಮ್ಮದು ಕನಕಪುರ ತಾಲ್ಲೂಕಿನ ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳು ಸಾಕ್ತೀವಿ. ಮಗಳು 8ನೇ ಕ್ಲಾಸು, ಮಗ 5ನೇ ಕ್ಲಾಸು. ಇಬ್ಬರೂ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ವ್ಯಾನೂ ಸೇರಿ ವರ್ಷಕ್ಕೆ 82 ಸಾವಿರ ಆಗುತ್ತೆ. ಹೋದ ವರ್ಷ ಗೂಡಿಗೆ ಒಳ್ಳೇ ರೇಟು ಸಿಕ್ಕಿತ್ತು, ಕಟ್ಟಿದ್ವಿ. ಈ ವರ್ಷ ಒಂದು ಬೆಳೆ ಹಾಲುತೊಂಡೆ ರೋಗ ಬಂದು ತಿಪ್ಪೆಗೆ ಹೋಯ್ತು. ಇನ್ನೊಂದು ಬೆಳೆಗೆ ರಾಮನಗರ ಮಾರ್ಕೆಟ್‌ನಲ್ಲಿ ರೇಟೇ ಬರಲಿಲ್ಲ. 45 ಸಾವಿರ ಫೀಸು ಬಾಕಿ ಇದೆ. ಟೆಸ್ಟ್ ದಿನ ಮಗಳನ್ನ ಕ್ಲಾಸಿನಿಂದ ಹೊರಗೆ ನಿಲ್ಲಿಸಿದ್ರು. ಚೆನ್ನಾಗಿ ಓದ್ತಿದ್ದ ಹುಡುಗಿ ಈಗ ಗಣಿತದಲ್ಲಿ ಫೇಲು. ಟೀಚರ್ ಕೇಳಿದ್ರೆ "ಸೋಂಬೇರಿ ಆಗಿದ್ದಾಳೆ" ಅಂತಾರೆ. ನಮ್ಮ ಯಜಮಾನರು "ಅವಳನ್ನ ಸರ್ಕಾರಿ ಶಾಲೆಗೆ ಹಾಕಿ, ಮಗನನ್ನ ಅಲ್ಲೇ ಓದಿಸೋಣ" ಅಂತಾರೆ. ನಮ್ಮತ್ತೆ "ಒಂದು ವರ್ಷ ಮನೇಲಿರಲಿ, ಹುಳು ಮನೆಗೆ ಒಂದು ಕೈ ಆಗುತ್ತೆ" ಅಂತಾರೆ. ನನಗೆ ಒಡವೆ ಅಡ ಇಟ್ಟಾದ್ರೂ ಅಲ್ಲೇ ಓದಿಸಬೇಕು ಅಂತ ಆಸೆ. ಬಾಕಿ ತೀರಿಸದೆ ಟಿಸಿ ಕೊಡಲ್ಲ ಅಂತಾನೂ ಶಾಲೆಯವರು ಹೇಳಿದ್ದಾರೆ. ಏನು ಮಾಡಬೇಕು ಹೇಳಿ ಸಾರ್.

ಉತ್ತರ:

ತಾಯಿ, ನಿಮ್ಮ ಕಾಗದದಲ್ಲಿ ಮೂರು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಮಗಳ ಓದು ಯಾಕೆ ಕುಸಿಯಿತು ಅನ್ನೋದು ಒಂದು. ಶಾಲೆಯ ಬಾಕಿಯನ್ನು ಹೇಗೆ ನಿಭಾಯಿಸೋದು ಅನ್ನೋದು ಎರಡನೆಯದು. ಮುಂದೆ ಯಾವ ಶಾಲೆ ಅನ್ನೋದು ಮೂರನೆಯದು. ಮೊದಲನೆಯದು ಗೊತ್ತಾಗದೆ ಮೂರನೆಯದನ್ನು ತೀರ್ಮಾನ ಮಾಡಿದರೆ ಯಾವ ಶಾಲೆಗೆ ಹಾಕಿದರೂ ಗಣಿತದಲ್ಲಿ ಅದೇ ಅಂಕ ಬರುತ್ತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ನಾನು ರೇಷ್ಮೆ ಸೀಮೆಯ ಹೈಸ್ಕೂಲುಗಳಲ್ಲೇ ಮೇಷ್ಟ್ರಾಗಿ, ಆಮೇಲೆ ಮುಖ್ಯಶಿಕ್ಷಕನಾಗಿ ಕೆಲಸ ಮಾಡಿದವನು. ಹುಳು ಸಾಕುವ ಮನೆಯ ಮಕ್ಕಳ ಹಾಜರಿಯನ್ನು ಹಾಜರಿ ಪುಸ್ತಕ ನೋಡಿಯೇ ಗುರುತಿಸಬಹುದು. ಬೇರೆ ಮಕ್ಕಳ ಗೈರು ಅಲ್ಲೊಂದು ಇಲ್ಲೊಂದು ಚದುರಿಕೊಂಡಿರುತ್ತೆ. ಈ ಮಕ್ಕಳದ್ದು ಹಾಗಲ್ಲ. ಒಂದೂವರೆ ಎರಡು ತಿಂಗಳು ಸಾಲು ಪೂರ್ತಿ ಹಾಜರಿ, ಆಮೇಲೆ ನಾಲ್ಕೈದು ದಿನ ಒಟ್ಟಿಗೆ ಗೈರು. ಮತ್ತೆ ಒಂದೂವರೆ ಎರಡು ತಿಂಗಳು ಹಾಜರಿ, ಮತ್ತೆ ಗೈರು. ಯಾಕೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ (ಪೊರೆ ಬಿಡೋ ಹಂತ) ಎದ್ದ ಮೇಲೆ ಹುಳು ತಿನ್ನೋದನ್ನ ನೀವೇ ನೋಡ್ತೀರ. ಹುಳು ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ಕೊನೇ ವಾರದಲ್ಲೇ ಖರ್ಚಾಗುತ್ತೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು. ಹಣ್ಣಾದ ಹುಳು ಒಂದು ದಿನವೂ ಕಾಯಲ್ಲ, ಅವತ್ತೇ ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡಬೇಕು. ಆಳು ಸಿಗಲ್ಲ, ಸಿಕ್ಕರೂ ಕೂಲಿ ಕೊಡೋಕೆ ದುಡ್ಡಿಲ್ಲ. ಆಗ ಮನೆಯಲ್ಲಿ ಎಲ್ಲರ ಕಣ್ಣು ಹೋಗೋದು ಮಗಳ ಮೇಲೆ. 5ನೇ ಕ್ಲಾಸಿನ ಮಗ ಶಾಲೆಗೆ ಹೋಗ್ತಾನೆ, 8ನೇ ಕ್ಲಾಸಿನ ಮಗಳು ನಿಲ್ತಾಳೆ. ನಿಮ್ಮ ಮನೆಯಲ್ಲೂ ಹಾಗೇ ಇದ್ದೀತು ಅಂತ ನನ್ನ ಊಹೆ.

ವರ್ಷಕ್ಕೆ ಐದು ಬೆಳೆ, ಬೆಳೆಗೆ ನಾಲ್ಕು ದಿನ ಅಂತ ಇಟ್ಟುಕೊಳ್ಳಿ. 20 ದಿನ ಆಯ್ತು. 8ನೇ ಕ್ಲಾಸಿಗೆ ವರ್ಷದಲ್ಲಿ 220 ದಿನ ಪಾಠ ಇರಬೇಕು ಅಂತ ಕಾನೂನು ಹೇಳುತ್ತೆ. 220ರಲ್ಲಿ 20 ಹೋದರೆ ಏನು ಮಹಾ ಅನ್ನಿಸಬಹುದು. ಚದುರಿದ 20 ದಿನ ಆಗಿದ್ದರೆ ನಾನೂ ಹಾಗೇ ಅಂತಿದ್ದೆ. ಆದರೆ ನಾಲ್ಕು ದಿನ ಒಟ್ಟಿಗೆ ಹೋದರೆ ಗಣಿತದಲ್ಲಿ ಒಂದು ಅಧ್ಯಾಯದ ಬುಡವೇ ಹೋಗುತ್ತೆ. ಬೀಜೋಕ್ತಿ ಹೇಳಿಕೊಟ್ಟ ವಾರ ಹುಡುಗಿ ಹುಳು ಮನೆಯಲ್ಲಿದ್ದಳು ಅನ್ನಿ. ಮುಂದಿನ ವಾರ ಸಮೀಕರಣ ಶುರು. ಮೇಷ್ಟ್ರು ಬೋರ್ಡ್ ಮೇಲೆ ಎಕ್ಸ್ ಬರೆದು ಆಚೆಯಿಂದ ಈಚೆಗೆ ತಂದಾಗ ಅದು ಮೈನಸ್ ಯಾಕಾಯ್ತು ಅಂತ ಅವಳಿಗೆ ಗೊತ್ತಾಗಲ್ಲ. ಕೇಳೋಕೆ ನಾಚಿಕೆ. ಸುಮ್ನೆ ಬರ್ಕೊಂಡು ಬರ್ತಾಳೆ. ಕನ್ನಡ, ಸಮಾಜದಲ್ಲಿ ಬಿಟ್ಟ ಪಾಠವನ್ನ ಮನೆಯಲ್ಲಿ ಓದಿಕೊಳ್ಳಬಹುದು. ಗಣಿತದಲ್ಲಿ ಆಗಲ್ಲ. ಬೇರೆ ವಿಷಯದಲ್ಲಿ ಪಾಸಾಗಿ ಗಣಿತದಲ್ಲಿ ಮಾತ್ರ ಬಿದ್ದಿದ್ದರೆ ನೂರಕ್ಕೆ 90 ಪಾಲು ಇದೇ ಕಾರಣ. ಸೋಂಬೇರಿಯಾದ ಹುಡುಗಿ ಎಲ್ಲದರಲ್ಲೂ ಬೀಳ್ತಾಳೆ, ಒಂದರಲ್ಲಿ ಮಾತ್ರ ಬೀಳಲ್ಲ. ನಿಮ್ಮ ಬೆಳೆಯ ತಾರೀಖುಗಳನ್ನೂ ಅವಳ ಹಾಜರಿಯನ್ನೂ ಪಕ್ಕಪಕ್ಕ ಇಟ್ಟು ಟೀಚರಿಗೆ ತೋರಿಸಿ. ಸೋಂಬೇರಿ ಅನ್ನೋ ಮಾತು ಅವರೇ ವಾಪಸ್ ತಗೋತಾರೆ.

ಇದು ಕಣ್ಣಿಗೆ ಕಾಣೋ ಕಾರಣ. ಕಾಣದೇ ಇರೋದು ಇನ್ನೊಂದಿದೆ. ಬಡತನದಿಂದ ಮಕ್ಕಳ ಓದು ಕೆಡುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನು ಕಂಡ ಹಾಗೆ, ಕಡಿಮೆ ದುಡ್ಡಿಗಿಂತ ಯಾವಾಗ ಬರುತ್ತೆ ಅಂತ ಗೊತ್ತಿಲ್ಲದ ದುಡ್ಡು ಜಾಸ್ತಿ ಹೊಡೆತ ಕೊಡುತ್ತೆ. ತಿಂಗಳಿಗೆ 12 ಸಾವಿರ ಸಂಬಳ ಇರೋ ವಾಚ್‌ಮನ್ ಮನೆಯಲ್ಲಿ ಆಸೆ ಕಮ್ಮಿ ಇರಬಹುದು, ಆದರೆ 1ನೇ ತಾರೀಖು ಏನು ಬರುತ್ತೆ ಅಂತ ಮಗುವಿಗೂ ಗೊತ್ತು. ನಿಮ್ಮ ಮನೆಯಲ್ಲಿ ಒಂದು ಬೆಳೆ ಗೆದ್ದರೆ ಒಮ್ಮೆಗೇ ಲಕ್ಷ ಬರಬಹುದು, ಸೋತರೆ ಹುಳುವಿನ ಮೊಟ್ಟೆ ಕೊಂಡ ದುಡ್ಡೂ ಹುಟ್ಟಲ್ಲ. ಮಾರ್ಕೆಟ್‌ನಿಂದ ಅಪ್ಪ ಬರೋವಾಗ ಮುಖ ಹೇಗಿದೆ ಅಂತ ನೋಡಿಯೇ ಮಕ್ಕಳು ಆ ರಾತ್ರಿ ಮಾತಾಡಬೇಕಾ ಬೇಡವಾ ಅಂತ ತೀರ್ಮಾನ ಮಾಡ್ತಾರೆ. ಹಾಗೆ ಕಾಯುತ್ತಾ ಕೂತ ತಲೆಗೆ ಪಾಠ ಹತ್ತಲ್ಲ.

2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರ ಬಗ್ಗೆ ಒಂದು ಅಧ್ಯಯನ ಬಂತು. ಕಬ್ಬಿನ ದುಡ್ಡು ವರ್ಷಕ್ಕೆ ಒಂದೇ ಸಲ ಬರೋದು. ಅದೇ ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡೋ ಪರೀಕ್ಷೆ ಕೊಟ್ಟರು. ಕೈ ಬರಿದಾಗಿದ್ದಾಗ ಜಾಸ್ತಿ ತಪ್ಪು ಮಾಡಿದರು, ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ಮನುಷ್ಯರು ಅವರೇ, ತಲೆಯೂ ಅದೇ. ದುಡ್ಡಿನ ಚಿಂತೆ ತಲೆಯಲ್ಲಿ ಜಾಗ ಹಿಡಿದಿತ್ತು, ಅಷ್ಟೇ. ಅದು ದೊಡ್ಡವರ ಮೇಲೆ ನಡೆದ ಅಧ್ಯಯನ. ಆದರೆ ಫೀಸಿಗೋಸ್ಕರ ಹೊರಗೆ ನಿಂತ 13 ವರ್ಷದ ಹುಡುಗಿಯ ತಲೆಯಲ್ಲಿ ಏನು ಓಡ್ತಿರುತ್ತೆ ಅಂತ ತಿಳಿಯೋಕೆ ಅಧ್ಯಯನ ಬೇಕಾ?

ಇನ್ನೊಂದು ಹಳೆಯ ಅಧ್ಯಯನ ನಿಮ್ಮ ಸ್ಥಿತಿಗೆ ಇನ್ನೂ ಹತ್ತಿರ. ಹೈದರಾಬಾದಿನ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆ ಒಣಬೇಸಾಯದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಬರೆದಿಟ್ಟ ಲೆಕ್ಕಗಳನ್ನು ಇಟ್ಟುಕೊಂಡು ಹಾನನ್ ಜೇಕಬಿ, ಇಮ್ಯಾನುಯೆಲ್ ಸ್ಕೂಫಿಯಾಸ್ ಅನ್ನೋ ಅರ್ಥಶಾಸ್ತ್ರಜ್ಞರು 1997ರಲ್ಲಿ ಅದನ್ನ ಪ್ರಕಟಿಸಿದರು. ಆದಾಯ ಏರುಪೇರಾದಾಗ, ಸುಲಭವಾಗಿ ಸಾಲ ಸಿಗದ ಮನೆಗಳು ಮಕ್ಕಳನ್ನ ಶಾಲೆಯಿಂದ ಎಳೆದುಕೊಂಡು ನಷ್ಟ ತುಂಬಿಕೊಳ್ತವೆ ಅಂತ ಅವರು ಕಂಡರು. ಮಕ್ಕಳ ಶಾಲೆಯ ದಿನಗಳೇ ಆ ಮನೆಯ ಬೆಳೆ ವಿಮೆ ಆಗ್ತವೆ. ನಿಮ್ಮತ್ತೆ ಹೇಳಿದ್ದು ಇದನ್ನೇ. ಅವರದು ಕೆಟ್ಟ ಮನಸ್ಸು ಅಂತಲ್ಲ. ಹಿಂದಿನಿಂದ ಮನೆ ಉಳಿದಿದ್ದು ಹಾಗೇ, ಅವರಿಗೆ ಗೊತ್ತಿರೋ ದಾರಿ ಅದು.

ಆದರೂ ಆ ದಾರಿ ಬೇಡವೇ ಬೇಡ. ಇದೊಂದರಲ್ಲಿ ನನ್ನ ಮಾತಿಗೆ ಎರಡಿಲ್ಲ. "ಒಂದು ವರ್ಷ" ಅಂತ ಮನೆಯಲ್ಲಿ ಉಳಿದ ಹೈಸ್ಕೂಲು ಹುಡುಗಿಯರಲ್ಲಿ ವಾಪಸ್ ಬಂದವರು ಬಹಳ ಕಮ್ಮಿ. ಜೊತೆಯವರು ಮುಂದಿನ ಕ್ಲಾಸಿಗೆ ಹೋಗಿರ್ತಾರೆ, ಚಿಕ್ಕವರ ಜೊತೆ ಕೂರೋಕೆ ನಾಚಿಕೆ. ಮನೆಯಲ್ಲಿ ಅವಳ ಕೈ ಅಭ್ಯಾಸವಾಗಿ ಹೋಗಿರುತ್ತೆ. 15 ದಾಟುತ್ತಿದ್ದ ಹಾಗೆ ನೆಂಟರು ಗಂಡು ತೋರಿಸೋಕೆ ಶುರು ಮಾಡ್ತಾರೆ. 18 ಆಗದೆ ಮದುವೆ ಮಾಡೋದು ಅಪರಾಧ ಅಂತ ಎಲ್ಲರಿಗೂ ಗೊತ್ತು. ಶಾಲೆಯಲ್ಲಿರೋ ಹುಡುಗಿಯ ವಿಷಯದಲ್ಲಿ ಆ ಮಾತೇ ಅಷ್ಟು ಬೇಗ ಬರಲ್ಲ.

ಈಗ ಶಾಲೆಯ ವಿಷಯ. ಜನರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ ಇರೋದು ಇಲ್ಲೇ.

ಬಾಕಿ ಇದ್ದರೆ ಟಿಸಿ ತಡೆ ಹಿಡಿಯಬಹುದು ಅಂತ ಶಾಲೆಗಳು ಹೇಳ್ತವೆ, ಪೋಷಕರು ನಂಬ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಓದಿದರೆ ವಿಷಯ ಬೇರೆ. ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗೋದಾದರೆ ಮುಖ್ಯಶಿಕ್ಷಕರು ಟಿಸಿಯನ್ನ ತಕ್ಷಣ ಕೊಡಬೇಕು. ಟಿಸಿ ತಡವಾಯ್ತು ಅಂತ ಹೊಸ ಶಾಲೆ ದಾಖಲಾತಿ ನಿರಾಕರಿಸೋ ಹಾಗೂ ಇಲ್ಲ. ಅದೇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ 8ನೇ ಕ್ಲಾಸು ಮುಗಿಯೋವರೆಗೆ ಮಗುವನ್ನ ಶಾಲೆಯಿಂದ ಹೊರಹಾಕೋ ಹಾಗಿಲ್ಲ. 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಹಿಂಸೆ ಕೊಡೋದನ್ನ ನಿಷೇಧಿಸುತ್ತೆ. ಫೀಸು ಅಪ್ಪ ಅಮ್ಮ ಕೊಡಬೇಕಾದ ಬಾಕಿ, ಅದಕ್ಕೆ ಟೆಸ್ಟ್ ದಿನ ಮಗುವನ್ನ ಎಲ್ಲರೆದುರು ಹೊರಗೆ ನಿಲ್ಲಿಸೋದು ಇದರೊಳಗೇ ಬರುತ್ತೆ ಅಂತ ನನ್ನ ಅಭಿಪ್ರಾಯ.

ಆದರೆ ಎರಡು ಎಚ್ಚರಿಕೆ. ಮೊದಲನೆಯದು, ಟಿಸಿ ಕೊಡಬೇಕು ಅಂದರೆ ಬಾಕಿ ಮನ್ನಾ ಆಯ್ತು ಅಂತಲ್ಲ. ಆ ಸಾಲ ನಿಮ್ಮ ಮೇಲೇ ಇರುತ್ತೆ, ಶಾಲೆಯವರು ಕೇಳಬಹುದು, ನೀವು ತೀರಿಸಬೇಕು. ಎರಡನೆಯದು, ಈ ಕಾಯ್ದೆಯ ಬಲ ಇರೋದು 6ರಿಂದ 14 ವರ್ಷದ ಮಕ್ಕಳಿಗೆ. 9ನೇ ಕ್ಲಾಸಿಗೆ ಕಾಲಿಟ್ಟ ಮೇಲೆ ಇಷ್ಟು ಗಟ್ಟಿ ರಕ್ಷಣೆ ಇಲ್ಲ. ಹಾಗಾಗಿ ಶಾಲೆ ಬದಲಾಯಿಸೋದೇ ಆದರೆ 8ನೇ ಕ್ಲಾಸು ಮುಗಿಯೋ ಹೊತ್ತಿಗೇ ಬದಲಾಯಿಸಿ. 9ರಲ್ಲಿ ಅಲ್ಲೇ ಇದ್ದು ಬಾಕಿ ಬೆಳೆಸಿಕೊಂಡು 10ಕ್ಕೆ ಹೋದರೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಹಾಲ್ ಟಿಕೆಟ್ ಹೆಸರಲ್ಲಿ ನಿಮ್ಮ ಕತ್ತು ಹಿಡೀತಾರೆ. ಆಗ ಮೀಟರ್ ಬಡ್ಡಿಗಾದರೂ ತಂದು ಕಟ್ತೀರ.

ಸರ್ಕಾರಿ ಶಾಲೆಗೆ ಹಾಕಿದರೆ ಮಗಳ ಭವಿಷ್ಯ ಮುಗೀತು ಅನ್ನೋ ಭಯ ನಿಮಗಿದೆ. ನೇರವಾಗಿ ಹೇಳ್ತೀನಿ. ಚೆನ್ನಾಗಿರೋ ಸರ್ಕಾರಿ ಹೈಸ್ಕೂಲೂ ಇದೆ, ಗಣಿತದ ಮೇಷ್ಟ್ರೇ ಇಲ್ಲದ ಸರ್ಕಾರಿ ಹೈಸ್ಕೂಲೂ ಇದೆ. ಖಾಸಗಿಯಲ್ಲೂ ಹಾಗೇ. ಬೋರ್ಡು ನೋಡಬೇಡಿ, ಒಳಗೆ ಹೋಗಿ ಕೇಳಿ. ಗಣಿತ, ವಿಜ್ಞಾನಕ್ಕೆ ಕಾಯಂ ಮೇಷ್ಟ್ರು ಇದ್ದಾರಾ, ಹೋದ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಮಕ್ಕಳು ಪಾಸಾದರು, 9ಕ್ಕೆ ಇಂಗ್ಲಿಷ್ ಮೀಡಿಯಂ ವಿಭಾಗ ಇದೆಯಾ? ಈ ಕೊನೇ ಪ್ರಶ್ನೆ ನಿಮ್ಮ ಮಗಳಿಗೆ ಬಹಳ ಮುಖ್ಯ. ಎಂಟು ವರ್ಷ ಇಂಗ್ಲಿಷಿನಲ್ಲಿ ವಿಜ್ಞಾನ ಓದಿದ ಹುಡುಗಿಯನ್ನ 9ರಲ್ಲಿ ಕನ್ನಡ ಮೀಡಿಯಮ್ಮಿಗೆ ಹಾಕಿದರೆ ಮೊದಲ ಆರು ತಿಂಗಳು ಪದಗಳ ಜೊತೆಯೇ ಗುದ್ದಾಡ್ತಾಳೆ. ಮಾಡಬಹುದು, ಮಾಡಿದ ಮಕ್ಕಳನ್ನ ನೋಡಿದ್ದೀನಿ. ಆದರೆ ಗಣಿತದಲ್ಲಿ ಮೊದಲೇ ಹಿಂದೆ ಬಿದ್ದಿರೋ ಹುಡುಗಿಗೆ ಎರಡು ಹೊರೆ ಆಗುತ್ತೆ. ಇಂಗ್ಲಿಷ್ ವಿಭಾಗ ಇರೋ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲು ಬಸ್ಸಿನ ದಾರಿಯಲ್ಲಿ ಸಿಕ್ಕರೆ ಸ್ವಲ್ಪ ದೂರವಾದರೂ ಅದನ್ನೇ ಆರಿಸಿ. 2023ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಫ್ರೀ ಇದೆ, ವ್ಯಾನಿನ ಖರ್ಚೂ ಇಲ್ಲ. ಸರ್ಕಾರಿ ಶಾಲೆಯಲ್ಲಿ 10ನೇ ಕ್ಲಾಸಿನವರೆಗೆ ಮಧ್ಯಾಹ್ನದ ಊಟವೂ ಇದೆ, ಪಠ್ಯಪುಸ್ತಕವೂ ಉಚಿತ.

ಆರ್‌ಟಿಇ ಸೀಟು, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಉಚಿತ ಸೀಟು, ಕೊಡಿಸ್ತೀನಿ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಆ ಸೀಟು ಇರೋದು ಎಲ್‌ಕೆಜಿ ಅಥವಾ ಒಂದನೇ ಕ್ಲಾಸಿಗೆ. ನಿಮ್ಮ ಮಕ್ಕಳ ವಯಸ್ಸಿಗೆ ಅದು ಸಿಗಲ್ಲ.

ನಿಮ್ಮ ಯಜಮಾನರ ಮಾತಿಗೆ ಬರ್ತೀನಿ. ಬೇಜಾರು ಮಾಡಿಕೊಳ್ಳಬೇಡಿ ಅಂತ ಅವರಿಗೂ ಹೇಳಿ. ದುಡ್ಡು ಕಮ್ಮಿಯಾದಾಗ ಮಗಳನ್ನ ಬಿಡಿಸಿ ಮಗನನ್ನ ಉಳಿಸೋದು ನಮ್ಮ ಕಡೆ ಯೋಚನೆ ಮಾಡದೆಯೇ ಬರೋ ತೀರ್ಮಾನ. ಲೆಕ್ಕ ಹಾಕಿದರೆ ಅದು ಉಲ್ಟಾ. ಈಗ ಸುಲಭವಾಗಿ ಶಾಲೆ ಬದಲಾಯಿಸಬಹುದಾದವನು ಮಗ. ಅವನು 5ನೇ ಕ್ಲಾಸು. 6ಕ್ಕೆ ಹೇಗೂ ಬಹಳ ಮಕ್ಕಳು ಶಾಲೆ ಬದಲಾಯಿಸ್ತಾರೆ, ಅವನು ಒಬ್ಬನೇ ಹೊಸಬ ಆಗಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ಎಲ್ಲದರ ಬಾಗಿಲು ತೆರೆಯೋದು 6ನೇ ಕ್ಲಾಸಿಗೇ. 5ರಲ್ಲಿ ಇದ್ದಾಗಲೇ ಪ್ರವೇಶ ಪರೀಕ್ಷೆ ಬರೀಬೇಕು. ಅವನಿಗೆ ಇದು ಒಂದೇ ಸಲ ಬರೋ ಅವಕಾಶ. ಅವನು ಸರ್ಕಾರಿ ಶಾಲೆಯಲ್ಲೇ 8ಕ್ಕೆ ಬಂದರೆ ಎನ್‌ಎಂಎಂಎಸ್ ಅನ್ನೋ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆಯನ್ನೂ ಬರೆಯಬಹುದು. ಕುಟುಂಬದ ಆದಾಯ ವರ್ಷಕ್ಕೆ 3.5 ಲಕ್ಷ ದಾಟಿರಬಾರದು. ಪಾಸಾಗಿ ಆಯ್ಕೆಯಾದರೆ 9ರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ಬರುತ್ತೆ. ಖಾಸಗಿ ಶಾಲೆಯ ಮಕ್ಕಳಿಗೆ ಅದಿಲ್ಲ, ವಸತಿ ಶಾಲೆಗೆ ಹೋದರೂ ಇಲ್ಲ. ಆದರೆ ವಸತಿ ಶಾಲೆಯಲ್ಲಿ ಊಟ, ವಸತಿ ಎಲ್ಲಾ ಸರ್ಕಾರದ್ದೇ ಆಗಿರುತ್ತೆ. ಒಂದೇ ಕಷ್ಟ, ಹತ್ತು ಹನ್ನೊಂದು ವರ್ಷದ ಹುಡುಗ ಮನೆ ಬಿಟ್ಟಿರಬೇಕು. ಮೊದಲ ತಿಂಗಳು ಅಳ್ತಾನೆ, ಕೆಲವರು ಓಡಿಯೂ ಬರ್ತಾರೆ. ನಿಮ್ಮ ಮಗನ ಸ್ವಭಾವ ನಿಮಗೇ ಗೊತ್ತು. ಮನೆ ಬಿಟ್ಟು ಇರಲಾರ ಅನ್ನಿಸಿದರೆ ಊರಿನ ಸರ್ಕಾರಿ ಶಾಲೆಯೇ ಸಾಕು.

ಒಡವೆ ವಿಷಯ. ಬಾಕಿ 45 ಸಾವಿರವನ್ನ ಒಂದೇ ಸಲ ತೀರಿಸಿ ಕೈ ತೊಳೆದುಕೊಳ್ಳೋಕೆ ಒಡವೆ ಇಡೋದಾದರೆ ನಾನು ಬೇಡ ಅನ್ನಲ್ಲ. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಇಡಿ, ಬೀದಿಯ ಗಿರವಿ ಅಂಗಡಿ ಬೇಡ. ಆದರೆ ಮುಂದಿನ ವರ್ಷದ ಫೀಸಿಗೂ ಒಡವೆ, ಅದರ ಮುಂದಿನದಕ್ಕೂ ಒಡವೆ ಅಂತಾದರೆ ಬಡ್ಡಿ ಕಟ್ಟೋದರಲ್ಲೇ ಗೂಡಿನ ದುಡ್ಡು ಹೋಗುತ್ತೆ. ವಾರದ ಕಂತಿನ ಸಂಘದ ಸಾಲವಂತೂ ನಿಮ್ಮಂಥ ಮನೆಗೆ ಆಗಿಬರಲ್ಲ. ದುಡ್ಡು ಬರೋದು ಬೆಳೆಗೊಮ್ಮೆ, ಕಂತು ಕೇಳೋದು ವಾರವಾರ. ಹೊಂದಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡ್ತಿದ್ದೆ. ಮಗಳನ್ನ ವರ್ಷದ ನಡುವೆ ಕೀಳದೆ 8ನೇ ಕ್ಲಾಸು ಅಲ್ಲೇ ಮುಗಿಸಲಿ ಅಂತ ಬಿಡ್ತಿದ್ದೆ. ಶಾಲೆಯವರ ಹತ್ತಿರ ಗಂಡ ಹೆಂಡತಿ ಇಬ್ಬರೂ ಹೋಗಿ, ಮುಂದಿನ ಎರಡು ಬೆಳೆಗೆ ಇಷ್ಟಿಷ್ಟು ಕಟ್ತೀವಿ ಅಂತ ಬರೆದುಕೊಡ್ತಿದ್ದೆ. ತಿಂಗಳ ಕಂತಿಗೆ ಒಪ್ಪಬೇಡಿ, ತಪ್ಪಿ ಹೋಗುತ್ತೆ. ಗೂಡು ಮಾರಿದ ವಾರ ಅಂತಲೇ ಬರೆಯಿರಿ. ಬಹಳ ಮ್ಯಾನೇಜ್‌ಮೆಂಟಿನವರು ಬರವಣಿಗೆಯಲ್ಲಿ ಕೊಟ್ಟರೆ ಒಪ್ತಾರೆ, ಅವರಿಗೂ ಮಕ್ಕಳು ಬಿಟ್ಟು ಹೋಗೋದು ಬೇಡ. ಜೂನ್‌ನಲ್ಲಿ ಮಗ 6ಕ್ಕೆ, ಮಗಳು 9ಕ್ಕೆ, ಇಬ್ಬರೂ ಫೀಸಿಲ್ಲದ ಶಾಲೆಗೆ. ಮಗಳಿಗೆ ಇಂಗ್ಲಿಷ್ ವಿಭಾಗ ಎಲ್ಲೂ ಸಿಗದಿದ್ದರೆ ಅವಳೊಬ್ಬಳನ್ನ ಎರಡು ವರ್ಷ ಅಲ್ಲೇ ಉಳಿಸಿ. ಮಗನದು ಇಲ್ಲದಿದ್ದರೆ ಆ ಒಂದು ಫೀಸು ಹೊರಬಹುದಾ ಅಂತ ಲೆಕ್ಕ ಹಾಕಿ. ಲೆಕ್ಕ ಹಾಕೋವಾಗ ಹೋದ ವರ್ಷದ ರೇಟು ಹಿಡಿಯಬೇಡಿ, ಈ ವರ್ಷದ್ದನ್ನ ಹಿಡಿಯಿರಿ. ಶಾಲೆ ಆರಿಸಬೇಕಾದ್ದು ಕೆಟ್ಟ ಬೆಳೆಯ ಲೆಕ್ಕದಲ್ಲಿ. ಒಳ್ಳೇ ಬೆಳೆ ನೋಡಿ ಶಾಲೆ ಆರಿಸಿದ ಮನೆಗಳೇ ಎರಡನೇ ವರ್ಷ ನನ್ನ ಮುಂದೆ ಬಂದು ಕೂರೋದು.

ದುಡ್ಡಿಗೆ ಇನ್ನೊಂದು ವ್ಯವಸ್ಥೆ ಬೇಕು. ನಿಮ್ಮ ಹೆಸರಲ್ಲಿ ಬೇರೆ ಉಳಿತಾಯ ಖಾತೆ ತೆರೆದು, ಗೂಡಿನ ದುಡ್ಡು ಬಂದ ದಿನವೇ ಹತ್ತರಲ್ಲಿ ಒಂದು ಪಾಲು ಅದಕ್ಕೆ ಹಾಕಿ. ಪೋಸ್ಟಾಫೀಸಿನ ಆರ್‌ಡಿ ಒಳ್ಳೇದೇ, ಆದರೆ ತಿಂಗಳು ತಿಂಗಳು ಕಟ್ಟಬೇಕು, ತಪ್ಪಿದರೆ ದಂಡ. ನಿಮಗೆ ಸಾದಾ ಖಾತೆಯೇ ಸರಿ. ಗೃಹಲಕ್ಷ್ಮಿಯ 2,000 ನಿಮಗೆ ಬರ್ತಿದ್ದರೆ ಅದನ್ನೂ ಅಲ್ಲೇ ಬಿಡಿ. ವರ್ಷಕ್ಕೆ 24 ಸಾವಿರ, ಇಬ್ಬರು ಮಕ್ಕಳ ಟ್ಯೂಷನ್ನು, ನೋಟ್‌ಬುಕ್ಕು, ಬಸ್ಸಿಗೆ ಸಾಕು. ಸುಕನ್ಯಾ ಸಮೃದ್ಧಿ ತೆರೆಯೋಣ ಅಂತ ಯೋಚನೆ ಇದ್ದರೆ ಬಿಡಿ, ಅದು 10 ವರ್ಷದೊಳಗಿನ ಹುಡುಗಿಯರಿಗೆ ಮಾತ್ರ.

ಹುಳು ಮನೆಯ ಕೆಲಸಕ್ಕೂ ಒಂದು ದಾರಿ ಇದೆ. ನೀವು ಎರಡನೇ ಜ್ವರ ಎದ್ದ ಚಾಕಿ ಹುಳು (ಬೇರೆಯವರು ಸಾಕಿಕೊಟ್ಟ ಮರಿ ಹುಳು) ತರೋರಾದರೆ, ತಂದ ದಿನದಿಂದ ಹಣ್ಣಾಗೋಕೆ ಸುಮಾರು 18 ದಿನ. ಶಾಲೆಯ ಪರೀಕ್ಷೆ ವೇಳಾಪಟ್ಟಿಯನ್ನ ಹುಳು ಮನೆ ಗೋಡೆಗೆ ಅಂಟಿಸಿ. ಪರೀಕ್ಷೆ ವಾರಕ್ಕೆ ಕೊನೇ ಹಂತ ಬರದ ಹಾಗೆ ಚಾಕಿ ತರೋ ದಿನವನ್ನ ನಾಲ್ಕೈದು ದಿನ ಹಿಂದೆ ಮುಂದೆ ಮಾಡಿ. ಆದರೆ ದಸರಾ ರಜೆ, ಬೇಸಿಗೆ ರಜೆಗೆ ಹಣ್ಣಾಗೋ ಹಾಗೆ ಮಾಡಿಕೊಳ್ಳಿ. ಸೊಪ್ಪು, ನೀರು ಇದಕ್ಕೆ ಎಲ್ಲಾ ಸಲ ಒಪ್ಪಲ್ಲ, ಒಪ್ಪಿದಷ್ಟು ಸಲ ಮಾಡಿ. ಅವಳು ಸಾಯಂಕಾಲ ಬಂದು ಸೊಪ್ಪು ಹಾಕಲಿ, ಬೇಡ ಅನ್ನಲ್ಲ. ಬೆಳಿಗ್ಗೆ ಬ್ಯಾಗು ಹಿಡಿದು ಹೋಗೋದು ಮಾತ್ರ ನಿಲ್ಲಬಾರದು. ಆ ನಾಲ್ಕು ದಿನಕ್ಕೆ ಒಬ್ಬ ಆಳಿನ ಕೂಲಿ ಎಷ್ಟು ಅಂತ ಲೆಕ್ಕ ಹಾಕಿ, ವರ್ಷಕ್ಕೆ ಆಗೋ ಮೊತ್ತವನ್ನ ಈ 82 ಸಾವಿರದ ಪಕ್ಕ ಇಟ್ಟು ನೋಡಿ.

ಗಣಿತಕ್ಕೆ ಈಗಲೇ ಕೈ ಹಾಕಬೇಕು. ದೊಡ್ಡ ಟ್ಯೂಷನ್ ಬೇಡ. ಊರಲ್ಲಿ ಬಿಎಸ್‌ಸಿನೋ ಡಿಪ್ಲೊಮಾನೋ ಓದೋ ಹುಡುಗಿ ಇದ್ದರೆ ದಿನಾ ಒಂದು ಗಂಟೆ ಕೂರಿಸಿ. 8ನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡಬೇಡಿ ಅಂತ ಹೇಳಿ. 7ರ ಪೂರ್ಣಾಂಕ, ಭಿನ್ನರಾಶಿಯಿಂದ ಶುರುವಾಗಲಿ, ಎಲ್ಲಿ ತಡವರಿಸ್ತಾಳೋ ಅಲ್ಲೇ ರಂಧ್ರ ಇರೋದು.

ಮಗಳಿಗೆ ವಿಷಯ ಮುಚ್ಚಿಡಬೇಡಿ. ಹೊರಗೆ ನಿಂತು ಬಂದವಳಿಗೆ ಬಾಕಿ ಇದೆ ಅಂತ ಗೊತ್ತೇ ಇದೆ. ಎಷ್ಟು ಬಾಕಿ, ಯಾವಾಗ ಕಟ್ತೀವಿ, ಜೂನ್‌ನಲ್ಲಿ ಎಲ್ಲಿಗೆ ಹೋಗ್ತೀಯ ಅನ್ನೋದು ಗೊತ್ತಿಲ್ಲದೆ ಅವಳು ಹೆದರಿರೋದು. "ನಿನ್ನ ಓದು ನಿಲ್ಲಲ್ಲ" ಅನ್ನೋ ಮಾತನ್ನ ಅವಳ ಅಪ್ಪ ಹೇಳಬೇಕು, ಅಜ್ಜಿ ಎದುರಿಗೆ ಹೇಳಬೇಕು. ನೀವು ಹೇಳಿದರೆ ಅಮ್ಮನ ಸಮಾಧಾನ ಅಂತ ಅಂದುಕೊಳ್ತಾಳೆ.

ಕೊನೆಗೆ ಕಚೇರಿ ಕೆಲಸ. ನಾಡಕಚೇರಿಯಿಂದ ಇಬ್ಬರು ಮಕ್ಕಳ ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯ ಅರ್ಜಿಗೂ ವಸತಿ ಶಾಲೆ ಅರ್ಜಿಗೂ ಅದು ಬೇಕೇ ಬೇಕು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಗುವಿನ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ, ಬಹಳ ಅರ್ಜಿ ಬಿದ್ದುಹೋಗೋದು ಅಲ್ಲೇ. ಶಿಕ್ಷಣ ಇಲಾಖೆ ಪ್ರತಿ ಮಗುವಿಗೂ ಕೊಡೋ ಸ್ಯಾಟ್ಸ್ ನಂಬರ್ ಬರೆದಿಟ್ಟುಕೊಳ್ಳಿ. ಟಿಸಿ ತಡೆದರೆ ಹೊಸ ಶಾಲೆಯ ಮುಖ್ಯಶಿಕ್ಷಕರು ಆ ನಂಬರ್ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮೂಲಕ ವರ್ಗಾವಣೆ ಕೇಳಬಹುದು. ನೀವೂ ಬಿಇಒ ಅವರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಯಾವತ್ತು ಟಿಸಿ ಕೇಳಿದಿರಿ, ಏನು ಉತ್ತರ ಬಂತು, ಮಗಳನ್ನ ಯಾವ ದಿನ ಹೊರಗೆ ನಿಲ್ಲಿಸಿದರು ಅನ್ನೋದಷ್ಟೇ ಇರಲಿ, ಬೈಗುಳ ಬೇಡ. ಎರಡು ಪ್ರತಿ ಒಯ್ದು, ಒಂದಕ್ಕೆ ಕಚೇರಿಯ ಸೀಲು ಮತ್ತು ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ.